ಸೆಕೆಂಡು ಬೇಕೋ, ಉತ್ತರ ಬೇಕೋ: ಭೂಕಂಪದ ಸೆನ್ಸರ್ ಕೊಳ್ಳುವ ಮುನ್ನ

ನೊಯ್ಡಾದ ಇಪ್ಪತ್ತೆರಡು ಅಂತಸ್ತಿನ ವಸತಿ ಸಮುಚ್ಚಯವೊಂದರಲ್ಲಿ ಹಾಸನದ ನನ್ನ ಗೆಳೆಯನೊಬ್ಬ ನಿವಾಸಿಗಳ ಸಂಘದ ಕಾರ್ಯದರ್ಶಿ. 2025ರ ಫೆಬ್ರುವರಿ 17ರ ಬೆಳಗಿನ ಜಾವ 5.36ಕ್ಕೆ ದೆಹಲಿಯ ಧೌಲಾ ಕುವಾನ್ ಬಳಿ 4.0 ತೀವ್ರತೆಯ ಭೂಕಂಪವಾಗಿ ಜನ ಹಾಸಿಗೆಯಿಂದೆದ್ದು ಬೀದಿಗೆ ಬಂದ ಮೇಲೆ, ಅವರ ಸಂಘದ ಸಭೆಯಲ್ಲಿ "ಏನಾದರೂ ಮಾಡಬೇಕು" ಎಂಬ ನಿರ್ಣಯವಾಯಿತು. ಏನು ಎಂಬುದು ನಿರ್ಣಯದಲ್ಲಿ ಇರಲಿಲ್ಲ. ಕೆಲವು ತಿಂಗಳಲ್ಲಿ ಅವನ ಮೇಜಿನ ಮೇಲೆ ಮೂರು ಕೊಟೇಶನ್‌ಗಳು ಬಂದು ಕೂತವು. ಒಂದು, ನೆಲಮಾಳಿಗೆಯಲ್ಲಿ ಕೂರಿಸಿ ಸೈರನ್ ಕೂಗಿಸುವ ಪೆಟ್ಟಿಗೆ. ಇನ್ನೊಂದು, ಐದು ಅಂತಸ್ತಿಗೊಂದರಂತೆ ಅಂಟಿಸುವ ಬೆಂಕಿಪೊಟ್ಟಣದ ಗಾತ್ರದ ವೈರ್‌ಲೆಸ್ ಸೆನ್ಸರ್‌ಗಳು. ಮೂರನೆಯದು, ಸಂಶೋಧನಾ ಸಂಸ್ಥೆಗಳು ಬಳಸುವಂಥ ದುಬಾರಿ ಕಂಪನಮಾಪಕಗಳ ಪೂರ್ಣ ವ್ಯವಸ್ಥೆ. "ಯಾವುದಕ್ಕೆ ಸಹಿ ಹಾಕಲಿ, ಹೇಳು" ಎಂದ. ಇದೇ ಪ್ರಶ್ನೆಯನ್ನು ಡೆಹ್ರಾಡೂನಿನ ಆಸ್ಪತ್ರೆಯೊಂದರವರೂ ಬೆಂಗಳೂರಿನ ಒಂದೆರಡು ಅಪಾರ್ಟ್‌ಮೆಂಟ್‌ಗಳವರೂ ಬೇರೆ ಬೇರೆ ಮಾತಿನಲ್ಲಿ ಕೇಳಿದ್ದಾರೆ. ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೂರೂ ಕೊಟೇಶನ್‌ಗಳ ಶಿರೋನಾಮೆ ಒಂದೇ: "ಭೂಕಂಪ ಸುರಕ್ಷತಾ ವ್ಯವಸ್ಥೆ". ಗೊಂದಲ ಹುಟ್ಟಿದ್ದೇ ಅಲ್ಲಿಂದ. ಮೊದಲನೆಯದು ಮಾರುವುದು ನೆಲ ಜೋರಾಗಿ ಅಲುಗುವ ಮುಂಚಿನ ಕೆಲವು ಸೆಕೆಂಡುಗಳನ್ನು. ಉಳಿದೆರಡು ಮಾರುವುದು, ಅಲುಗಾಟ ನಿಂತ ಮೇಲೆ ಅಂಗಳದಲ್ಲಿ ನಿಂತವರು ಕೇಳುವ "ಒಳಗೆ ಹೋಗಬಹುದೇ?" ಎಂಬ ಪ್ರಶ್ನೆಗೆ ಉತ್ತರವನ್ನು. ಕೊಡೆಯನ್ನೂ ಮಳೆಮಾಪಕವನ್ನೂ ಪಕ್ಕದಲ್ಲಿಟ್ಟು ಯಾವುದು ಅಗ್ಗ ಎಂದು ನೋಡುವುದರಲ್ಲಿ ಅರ್ಥವಿಲ್ಲ. ಮಳೆಯಲ್ಲಿ ನೆನೆಯಬಾರದೆನ್ನುವವನಿಗೆ ಒಂದು ಬೇಕು, ಎಷ್ಟು ಮಳೆಯಾಯಿತೆಂದು ತಿಳಿಯಬೇಕಾದವನಿಗೆ ಇನ್ನೊಂದು.

ಮೊದಲು ದೂರದ ಲೆಕ್ಕ

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸುತ್ತಿದ್ದೆವಲ್ಲ, ಮುನ್ನೆಚ್ಚರಿಕೆಯ ವಿಜ್ಞಾನವೂ ಅದೇ ಎಣಿಕೆ. ನೆಲದೊಳಗೆ ಬಂಡೆ ಒಡೆದಾಗ ಎರಡು ಬಗೆಯ ಅಲೆಗಳು ಒಟ್ಟಿಗೆ ಹೊರಡುತ್ತವೆ. ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ, ಸಣ್ಣಗೆ ಕುಟ್ಟಿ ಹೋಗುತ್ತದೆ. ಎಸ್ ಅಲೆ ಸುಮಾರು 3.5 ಕಿಲೋಮೀಟರ್ ವೇಗದಲ್ಲಿ ಹಿಂದೆ ಬಂದು ಕಟ್ಟಡವನ್ನು ಅಡ್ಡಡ್ಡ ಜಗ್ಗುತ್ತದೆ. ಹಾನಿ ಬಹುಮಟ್ಟಿಗೆ ಇದರದು. ಎರಡರ ನಡುವಿನ ಅಂತರ, ಎಂಟು ಕಿಲೋಮೀಟರಿಗೆ ಒಂದು ಸೆಕೆಂಡು ಎಂದು ಇಟ್ಟುಕೊಳ್ಳಿ. ನಿಮ್ಮ ನೆಲಮಾಳಿಗೆಯ ಪೆಟ್ಟಿಗೆ ಪಿ ಅಲೆಯನ್ನು ಗುರುತಿಸಿ "ಇದು ಲಾರಿಯಲ್ಲ, ಭೂಕಂಪ" ಎಂದು ತೀರ್ಮಾನಿಸಲು ಸುಮಾರು ಮೂರು ಸೆಕೆಂಡು ನುಂಗುತ್ತದೆ. ಅದನ್ನು ಕಳೆಯಿರಿ.

ಹಾಗಾಗಿ ಭೂಕಂಪದ ಕೇಂದ್ರ 50 ಕಿ.ಮೀ. ದೂರದಲ್ಲಿದ್ದರೆ ಕೈಗೆ ಸಿಗುವುದು ಮೂರೇ ಸೆಕೆಂಡು. 25 ಕಿ.ಮೀ. ಒಳಗಿದ್ದರೆ ಏನೂ ಇಲ್ಲ. ಧೌಲಾ ಕುವಾನ್‌ನದು ಈ ಜಾತಿ; ಕಾಲಡಿಯ ಭೂಕಂಪಕ್ಕೆ ಯಾವ ಕಂಪನಿಯ ಸೈರನ್ನೂ ದೆಹಲಿಯವರನ್ನು ಮೊದಲೇ ಎಬ್ಬಿಸಲಾರದು. ಆದರೆ 1991ರ ಉತ್ತರಕಾಶಿ ಅಥವಾ 1999ರ ಚಮೋಲಿ ಭೂಕಂಪದಂಥದ್ದು ಮತ್ತೆ ಆದರೆ, ದೆಹಲಿ ಅಲ್ಲಿಂದ 250 ಕಿ.ಮೀ.ಗೂ ಹೆಚ್ಚು ದೂರದಲ್ಲಿದೆ. ನೆಲಮಾಳಿಗೆಯ ಪೆಟ್ಟಿಗೆಯಿಂದ ಇಪ್ಪತ್ತೈದು ಸೆಕೆಂಡಿನಷ್ಟು ಸಿಗುತ್ತದೆ. ಕೇಂದ್ರದ ಪಕ್ಕದಲ್ಲೇ ಸೆನ್ಸರ್‌ಗಳಿದ್ದು, ಅವು ತಂತಿಯ ಮೂಲಕ ಸುದ್ದಿ ಮುಟ್ಟಿಸಿದರೆ ಒಂದು ನಿಮಿಷದ ಹತ್ತಿರ ಸಿಗುತ್ತದೆ, ಏಕೆಂದರೆ ವಿದ್ಯುತ್ ಸಂಕೇತ ಯಾವ ಅಲೆಗಿಂತಲೂ ಮುಂದೆ.

ದೂರವಿದ್ದರೆ ಸೆಕೆಂಡು ಹೆಚ್ಚು, ಪೆಟ್ಟು ಕಡಿಮೆ. ಹತ್ತಿರವಿದ್ದರೆ ಪೆಟ್ಟು ಜೋರು, ಸೆಕೆಂಡು ಇಲ್ಲ. ಅತಿ ಹೆಚ್ಚು ಬೇಕಾದವರಿಗೆ ಅತಿ ಕಡಿಮೆ ಸಿಗುತ್ತದೆ ಎಂಬ ಈ ಸತ್ಯವನ್ನು ಯಾವ ಮಾರಾಟಗಾರನ ಕರಪತ್ರದಲ್ಲೂ ನಾನು ಕಂಡಿಲ್ಲ. ಮೆಕ್ಸಿಕೋ ನಗರ ಇದನ್ನು ಒಂದೇ ತಿಂಗಳಲ್ಲಿ ಎರಡೂ ಕಡೆಯಿಂದ ಅನುಭವಿಸಿತು. 2017ರ ಸೆಪ್ಟೆಂಬರ್ 7ರಂದು ದೂರದ ಚಿಯಾಪಾಸ್ ಕರಾವಳಿಯಲ್ಲಿ 8.2 ತೀವ್ರತೆಯ ಭೂಕಂಪವಾದಾಗ ರಾಜಧಾನಿಗೆ ಒಂದು ನಿಮಿಷಕ್ಕೂ ಹೆಚ್ಚು ಮುಂಚಿತವಾಗಿ ಸೈರನ್ ಕೇಳಿತು. ಹನ್ನೆರಡು ದಿನಗಳ ನಂತರ, ಸೆಪ್ಟೆಂಬರ್ 19ರಂದು, ಸುಮಾರು 120 ಕಿ.ಮೀ. ದೂರದಲ್ಲಿ 7.1 ತೀವ್ರತೆಯದು ಬಂದಾಗ ಸೈರನ್ನೂ ಅಲುಗಾಟವೂ ಹೆಚ್ಚುಕಡಿಮೆ ಜೊತೆಯಲ್ಲೇ ಬಂದವು. ಅದೇ ದಿನ ಬೆಳಿಗ್ಗೆ ಊರಿಗೆ ಊರೇ ಭೂಕಂಪದ ಅಣಕು ಕಸರತ್ತು ಮುಗಿಸಿತ್ತು.

ಆದರೂ ದೂರದ ಭೂಕಂಪವನ್ನು ಹಗುರವಾಗಿ ಕಾಣಬೇಡಿ ಎನ್ನಲು ನಮ್ಮಲ್ಲೇ ಉದಾಹರಣೆಯಿದೆ. 2001ರ ಜನವರಿ 26ರ ಭುಜ್ ಭೂಕಂಪದ ಕೇಂದ್ರಕ್ಕೂ ಅಹಮದಾಬಾದಿಗೂ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದೂರ. ಅಲ್ಲಿ ಪಾಸ್‌ಪೋರ್ಟ್ ಕಚೇರಿಯ ಕಟ್ಟಡದಲ್ಲಿದ್ದ ಉಪಕರಣ ನೆಲಮಟ್ಟದಲ್ಲಿ ದಾಖಲಿಸಿದ್ದು ಗುರುತ್ವ ವೇಗೋತ್ಕರ್ಷದ ಸುಮಾರು ಶೇ 10ರಷ್ಟು ಮಾತ್ರ. ಅಷ್ಟಕ್ಕೇ ಆ ನಗರದಲ್ಲಿ ಹತ್ತಾರು ಬಹುಮಹಡಿ ಕಟ್ಟಡಗಳು ಕುಸಿದವು. ಕೆಳಗೆ ಗೋಡೆಯಿಲ್ಲದ ಕಾರು ನಿಲುಗಡೆ, ಮೇಲೆ ಇಟ್ಟಿಗೆ ಗೋಡೆ ತುಂಬಿದ ಮನೆಗಳು. ಪಿಲ್ಲರುಗಳು ನೆಲ ಅಂತಸ್ತಿನಲ್ಲೇ ಮುರಿದವು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿರುವವರು ಒಮ್ಮೆ ಕೆಳಗಿಳಿದು ಕಾರು ನಿಲ್ಲಿಸುವ ಜಾಗವನ್ನು ನೋಡಿ ಬಂದು ಮುಂದೆ ಓದಿ.

ಉಳಿದ ಮಾನದಂಡಗಳು

ಎರಡನೆಯ ಪ್ರಶ್ನೆ: ಸೆಕೆಂಡು ಸಿಕ್ಕರೆ ಅದನ್ನು ಬಳಸುವವರು ಯಾರು? ಹತ್ತು ಸೆಕೆಂಡಿನಲ್ಲಿ ಹದಿನೆಂಟನೆಯ ಅಂತಸ್ತಿನಿಂದ ಯಾರೂ ಕೆಳಗಿಳಿಯಲಾರರು. ಮೆಟ್ಟಿಲಲ್ಲಿ ಓಡುವುದೇ ಅಪಾಯ. ಮನುಷ್ಯ ಮಾಡಬಹುದಾದದ್ದು ಮೇಜಿನ ಕೆಳಗೆ ಸೇರಿ ಅದರ ಕಾಲನ್ನು ಹಿಡಿದುಕೊಳ್ಳುವುದು ಮಾತ್ರ. ಆದರೆ ಯಂತ್ರಕ್ಕೆ ಹತ್ತು ಸೆಕೆಂಡು ದೊಡ್ಡ ಅವಧಿ. ಲಿಫ್ಟ್ ಹತ್ತಿರದ ಅಂತಸ್ತಿಗೆ ಹೋಗಿ ಬಾಗಿಲು ತೆರೆದು ನಿಲ್ಲಬಹುದು, ಅನಿಲದ ಕವಾಟ ಮುಚ್ಚಬಹುದು, ಜನರೇಟರ್ ಚಾಲೂ ಆಗಬಹುದು. ಜಪಾನಿನಲ್ಲಿ 2009ರಿಂದ ಹೊಸ ಲಿಫ್ಟುಗಳಿಗೆ ಪಿ ಅಲೆ ಗುರುತಿಸಿ ಹತ್ತಿರದ ಅಂತಸ್ತಿನಲ್ಲಿ ನಿಲ್ಲುವ ಏರ್ಪಾಡು ಕಡ್ಡಾಯ. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿಗೆ ಯೋಜಿಸಿರುವ 28 ಭೂಕಂಪಮಾಪಕಗಳ ಕೆಲಸವೂ ಇಂಥದ್ದೇ: 22 ಹಳಿಯುದ್ದಕ್ಕೂ, ಉಳಿದ 6 ಲಾತೂರ್, ರತ್ನಗಿರಿ, ಹಳೆಯ ಭುಜ್‌ನಂಥ ಭೂಕಂಪದ ಜಾಗಗಳಲ್ಲಿ. ಅಲೆ ಗುರುತಿಸಿದ ಕೂಡಲೇ ವಿದ್ಯುತ್ ಕಡಿತವಾಗಿ ರೈಲಿಗೆ ತಾನೇ ಬ್ರೇಕ್ ಬೀಳುತ್ತದೆ. ಚಾಲಕನನ್ನು ಕೇಳುವುದಿಲ್ಲ. ನಿಮ್ಮ ಕಟ್ಟಡದಲ್ಲಿ ಎಚ್ಚರಿಕೆಯ ಸಂಕೇತಕ್ಕೆ ತಾನಾಗಿ ಓಗೊಡುವ ಒಂದು ಯಂತ್ರವೂ ಇಲ್ಲವೆಂದಾದರೆ ನೀವು ಕೊಳ್ಳುತ್ತಿರುವುದು ದುಬಾರಿ ಸೈರನ್.

ಮೂರನೆಯದು, ಸುಳ್ಳು ಕೂಗನ್ನು ನೀವೆಷ್ಟು ಸಹಿಸುತ್ತೀರಿ? ಶಾಲೆಯಲ್ಲಿ ವರ್ಷಕ್ಕೊಮ್ಮೆ ಸುಮ್ಮನೆ ಕೂಗಿದರೆ ಮಕ್ಕಳಿಗೆ ಅಭ್ಯಾಸವಾದಂತಾಯಿತು. ಶಸ್ತ್ರಚಿಕಿತ್ಸೆ ನಡೆಯುವಾಗ ಆಸ್ಪತ್ರೆಯಲ್ಲಿ ಕೂಗಿದರೆ ಮರುದಿನವೇ ಯಾರೋ ತಂತಿ ಕಿತ್ತಿರುತ್ತಾರೆ. ನಾಲ್ಕನೆಯದು, ಭೂಕಂಪದ ನಂತರ ಬರುವ ಅಂಕಿಗಳನ್ನು ಓದಿ ಸಹಿ ಹಾಕುವ ಸ್ಟ್ರಕ್ಚರಲ್ ಎಂಜಿನಿಯರ್ ನಿಮಗಿದ್ದಾರೆಯೇ? ಐದನೆಯದು ನಿರ್ವಹಣೆ. ಬಹುತೇಕ ಎಲ್ಲ ಸಂಘಗಳೂ ಎಡವುವುದು ಇಲ್ಲಿ, ಏಕೆಂದರೆ ಮುಂದಿನ ಹತ್ತು ವರ್ಷ ಏನೂ ಆಗದಿದ್ದರೂ ಈ ಪೆಟ್ಟಿಗೆಯ ಬ್ಯಾಟರಿಯನ್ನು ಬದಲಿಸುತ್ತಿರಬೇಕು. ಹಣ ಆರನೆಯದು. ಬೇಕೆಂದೇ ಕೊನೆಯಲ್ಲಿಟ್ಟಿದ್ದೇನೆ.

ಮುನ್ನೆಚ್ಚರಿಕೆ: ಜೇಬಿನಲ್ಲಿರುವುದರಿಂದ ಆರಂಭಿಸೋಣ

ಆಂಡ್ರಾಯ್ಡ್ ಫೋನ್ ಇರುವ ಎಲ್ಲರ ಬಳಿಯೂ ಆಗಲೇ ಒಂದು ಮುನ್ನೆಚ್ಚರಿಕೆ ವ್ಯವಸ್ಥೆ ಇದೆ, ಬಿಟ್ಟಿಯಾಗಿ. ಚಾರ್ಜಿಗೆ ಹಾಕಿ ಅಲುಗಾಡದೆ ಇಟ್ಟಿರುವ ಫೋನುಗಳೇ ಪುಟ್ಟ ಕಂಪನಮಾಪಕಗಳಾಗಿ, ಒಂದೇ ಪ್ರದೇಶದ ಬಹಳಷ್ಟು ಫೋನುಗಳು ಒಟ್ಟಿಗೆ ನಡುಗಿದರೆ ಗೂಗಲ್‌ನ ಸರ್ವರ್ ಅದನ್ನು ಭೂಕಂಪವೆಂದು ತೀರ್ಮಾನಿಸುತ್ತದೆ. ಭಾರತದಲ್ಲಿ ಇದು 2023ರ ಸೆಪ್ಟೆಂಬರಿನಿಂದ ಇದೆ. 4.5ಕ್ಕಿಂತ ಕಡಿಮೆ ತೀವ್ರತೆಯದಕ್ಕೆ ಅದು ಬಾಯಿ ಬಿಡುವುದಿಲ್ಲ. ಸಣ್ಣ ಅಲುಗಾಟಕ್ಕೆ ಮೆಲ್ಲನೆಯ ಸೂಚನೆ ಕೊಡುತ್ತದೆ. ದೊಡ್ಡದಕ್ಕೆ ಮಾತ್ರ ಫೋನ್ ಮೌನದಲ್ಲಿದ್ದರೂ ಅರಚುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತೆ ಮತ್ತು ತುರ್ತುಸ್ಥಿತಿಯ ವಿಭಾಗಕ್ಕೆ ಹೋಗಿ ಅದು ಚಾಲನೆಯಲ್ಲಿದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಇಂಟರ್ನೆಟ್ಟೂ ಲೊಕೇಶನ್ನೂ ಚಾಲೂ ಇರಬೇಕು. ಉತ್ತರಾಖಂಡದಲ್ಲಿರುವವರು ಐಐಟಿ ರೂರ್ಕಿ ಮತ್ತು ರಾಜ್ಯ ಸರ್ಕಾರ ಸೇರಿ ತಂದಿರುವ ಭೂದೇವ್ ಆ್ಯಪ್ ಅನ್ನೂ ಹಾಕಿಕೊಳ್ಳಬೇಕು. ಅದರ ಹಿಂದಿರುವುದು ಫೋನುಗಳಲ್ಲ, ಗಢ್ವಾಲ್ ಮತ್ತು ಕುಮಾವೋನ್‌ನ ಬೆಟ್ಟಗಳಲ್ಲಿ ಕೂರಿಸಿರುವ ಸೆನ್ಸರ್‌ಗಳು.

ಬಿಟ್ಟಿಯಾದದ್ದಕ್ಕೂ ಮಿತಿಯಿದೆ. 2023ರ ಫೆಬ್ರುವರಿ 6ರ ಟರ್ಕಿ ಭೂಕಂಪದ ತೀವ್ರತೆ 7.8. ಫೋನುಗಳ ವ್ಯವಸ್ಥೆ ಅದನ್ನು ಬಹಳ ಕಡಿಮೆ ಅಂದಾಜು ಮಾಡಿತು. ಅರಚುವ ಎಚ್ಚರಿಕೆ ಹೋದದ್ದು 469 ಫೋನುಗಳಿಗೆ ಮಾತ್ರ ಎಂದು ಗೂಗಲ್ ನಂತರ ಒಪ್ಪಿಕೊಂಡಿತು. ಆಮೇಲೆ ಲೆಕ್ಕಾಚಾರವನ್ನು ತಿದ್ದಿದ್ದಾರೆ. ಸರ್ಕಾರಿ ಜಾಲಗಳೂ ಇದರಿಂದ ಪೂರ್ತಿ ಹೊರತಲ್ಲ. ಸಾವಿರಕ್ಕೂ ಹೆಚ್ಚು ಮಾಪಕಗಳನ್ನಿಟ್ಟುಕೊಂಡು 2007ರಿಂದ ಸಾರ್ವಜನಿಕರಿಗೆ ಎಚ್ಚರಿಕೆ ಕೊಡುತ್ತಿರುವ ಜಪಾನಿನ ಹವಾಮಾನ ಸಂಸ್ಥೆ, 2011ರ ಮಾರ್ಚ್ 11ರಂದು ಮೊದಲ ಅಲೆ ಸಿಕ್ಕ 8.6 ಸೆಕೆಂಡಿನಲ್ಲೇ ಎಚ್ಚರಿಕೆ ಹೊರಡಿಸಿತು. ಆದರೆ ಆರಂಭದಲ್ಲಿ ತೀವ್ರತೆಯನ್ನು ಕಡಿಮೆ ಎಣಿಸಿದ್ದರಿಂದ ಟೋಕಿಯೋ ಸುತ್ತಲಿನ ಪ್ರದೇಶ ಆ ಎಚ್ಚರಿಕೆಯ ವ್ಯಾಪ್ತಿಗೆ ಬರಲಿಲ್ಲ. ದೊಡ್ಡ ಭೂಕಂಪ ಒಡೆದು ಮುಗಿಯಲು ನಿಮಿಷಗಳೇ ಬೇಕು. ಮೊದಲ ಮೂರು ಸೆಕೆಂಡು ನೋಡಿ ಅದರ ಪೂರ್ತಿ ಗಾತ್ರ ಹೇಳುವುದು, ಆಲಾಪನೆಯ ಮೊದಲ ಸ್ವರ ಕೇಳಿ ಕಛೇರಿ ಎಷ್ಟು ಹೊತ್ತು ನಡೆಯುತ್ತದೆ ಎಂದು ಹೇಳಿದಂತೆ.

ಇನ್ನು ನೆಲಮಾಳಿಗೆಯ ಪೆಟ್ಟಿಗೆ, ಅಂದರೆ ಸ್ಥಳದಲ್ಲೇ ಪಿ ಅಲೆ ಹಿಡಿಯುವ ಸಾಧನ. ಇದರ ದೊಡ್ಡ ಗುಣ, ಯಾರ ಇಂಟರ್ನೆಟ್ಟಿನ ಹಂಗೂ ಇಲ್ಲ. ಮೊಬೈಲ್ ಗೋಪುರ ಬಿದ್ದರೂ ತನ್ನ ಪಾಡಿಗೆ ತಾನು ಲಿಫ್ಟಿಗೆ ಹೇಳುತ್ತದೆ. ದೋಷ, ಸದ್ದಿಗೆ ಬೆಚ್ಚುವುದು. 1965ರಿಂದ ಗೌರಿಬಿದನೂರಿನಲ್ಲಿ ಕಂಪನಮಾಪಕಗಳ ಸರಣಿಯೊಂದು ಇದೆ. ಜಗತ್ತಿನ ಇನ್ನೊಂದು ಮೂಲೆಯ ಅಣು ಪರೀಕ್ಷೆಯನ್ನೂ ಅದು ಹಿಡಿಯಬಲ್ಲದು, ಏಕೆಂದರೆ ಅಡಿಯಲ್ಲಿ ಹಳೆಯ ಗಟ್ಟಿ ಬಂಡೆ, ಸುತ್ತ ಗದ್ದಲ ಕಡಿಮೆ. ನಿಮ್ಮ ನೆಲಮಾಳಿಗೆ ಇದಕ್ಕೆ ತದ್ವಿರುದ್ಧ: ಪಂಪು, ಜನರೇಟರ್, ಲಿಫ್ಟಿನ ತೂಕ, ಕಾರಿನ ಬಾಗಿಲು. ನಾನು ಸಲಹೆಗಾರನಾಗಿದ್ದ ಕಟ್ಟಡವೊಂದರಲ್ಲಿ ಕಂಪನಿಯವರು ಅನುಕೂಲವೆಂದು ಜನರೇಟರ್ ಕೋಣೆಯ ಗೋಡೆಗೇ ಪೆಟ್ಟಿಗೆ ಬಡಿದು ಹೋದರು. ಕರೆಂಟು ಹೋದಾಗಲೆಲ್ಲ ಭೂಕಂಪ. ಮೂರನೆಯ ವಾರ ಕಾವಲುಗಾರ ಸೈರನ್ನಿನ ತಂತಿ ಕತ್ತರಿಸಿದ. ಎರಡು ವರ್ಷ ಯಾರಿಗೂ ತಿಳಿಯಲಿಲ್ಲ, ನಿರ್ವಹಣೆಯ ಬಿಲ್ಲು ಮಾತ್ರ ತಪ್ಪದೆ ಬರುತ್ತಿತ್ತು. ಆದ್ದರಿಂದ ಒಂದೇ ಸೆನ್ಸರ್ ಇರುವ ಪೆಟ್ಟಿಗೆ ಬೇಡ. ಕಟ್ಟಡದ ಎರಡು ದೂರದ ಮೂಲೆಗಳಲ್ಲಿ ಎರಡು, ಸಾಧ್ಯವಾದರೆ ಮೂರು ಇರಲಿ. ಎರಡಾದರೂ ಒಪ್ಪಿದಾಗ ಮಾತ್ರ ಸಂಕೇತ ಹೋಗಲಿ. ಬೆಲೆ ಲಕ್ಷಗಳ ಲೆಕ್ಕಕ್ಕೆ ಹೋಗುತ್ತದೆ, ಲಿಫ್ಟಿಗೆ ಜೋಡಿಸುವ ಖರ್ಚು ಬೇರೆ.

ಇದರ ಬಡ ತಮ್ಮನೊಬ್ಬನಿದ್ದಾನೆ, ನನಗೆ ಇಷ್ಟದವನು. ಅಲುಗಾಟ ಒಂದು ಮಿತಿ ದಾಟಿದರೆ ರಿಲೇ ಬೀಳುವ ಸರಳ ಸ್ವಿಚ್ಚು, ಇಲ್ಲವೇ ಒಳಗಿನ ಗುಂಡು ಜಾರಿ ಕೂತು ಅನಿಲ ನಿಲ್ಲಿಸುವ ಕವಾಟ. ಮುಂಚಿತವಾಗಿ ಏನನ್ನೂ ಹೇಳುವುದಿಲ್ಲ. ಆದರೆ ಭೂಕಂಪದ ಬೆಂಕಿ ಹೊತ್ತುವುದು ಅಲುಗಾಟದ ನಂತರ. ಆ ಹೊತ್ತಿಗೆ ಅನಿಲ ನಿಂತಿದ್ದರೆ ಸಾಕು. ಕೊಳವೆಯಲ್ಲಿ ಅಡುಗೆ ಅನಿಲ ಬರುವ ಕಟ್ಟಡಕ್ಕೆ ಸೈರನ್ನಿಗಿಂತ ಮೊದಲು ಇದು ಬರಬೇಕು. ಜಪಾನಿನ ಮನೆಗಳ ಅನಿಲ ಮೀಟರುಗಳಲ್ಲಿ ಈ ಗುಣ ಒಳಗೇ ಇರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ ಒಂದೇ ಸಾಲು: ಶೇಕ್‌ಅಲರ್ಟ್ ಎಂಬ ಸರ್ಕಾರಿ ಮುನ್ನೆಚ್ಚರಿಕೆ ಜಾಲ 2019ರಿಂದ ರಾಜ್ಯಕ್ಕೆಲ್ಲ ಇದೆ, ಮೈಶೇಕ್ ಆ್ಯಪ್ ಬಿಟ್ಟಿ, ಮನೆಗೆಂದು ಸೆನ್ಸರ್ ಕೊಳ್ಳುವ ಹಣವನ್ನು ಅನಿಲದ ಕವಾಟಕ್ಕೂ ನೀರು ಕಾಯಿಸುವ ತೊಟ್ಟಿಯನ್ನು ಗೋಡೆಗೆ ಬಿಗಿಯುವುದಕ್ಕೂ ಹಾಕಿ.

ನಿಗಾ ವ್ಯವಸ್ಥೆ: ಕಟ್ಟಡದ ಶ್ರುತಿ

ಈಗ ಎರಡನೆಯ ಜಾತಿ, ಅಲುಗಾಟ ನಿಂತ ಮೇಲೆ ಉತ್ತರ ಕೊಡುವಂಥದ್ದು. ಪ್ರತಿ ಕಟ್ಟಡಕ್ಕೂ ತನ್ನದೇ ತೂಗಾಟದ ಲಯವಿದೆ. ನಮ್ಮ ಭೂಕಂಪ ಸಂಹಿತೆಯ ಸೂತ್ರದ ಪ್ರಕಾರ 30 ಮೀಟರ್ ಎತ್ತರದ ಕಾಂಕ್ರೀಟ್ ಚೌಕಟ್ಟು, ಗೋಡೆಗಳ ಲೆಕ್ಕ ಬಿಟ್ಟರೆ, ಸುಮಾರು ಒಂದು ಸೆಕೆಂಡಿಗೆ ಒಮ್ಮೆ ಹೋಗಿ ಬರುತ್ತದೆ. ಗಾಳಿಗೂ ಸಂಚಾರಕ್ಕೂ ಅದು ಸದಾ ಕಣ್ಣಿಗೆ ಕಾಣದಷ್ಟು ತೂಗುತ್ತಲೇ ಇರುತ್ತದೆ; ಒಳ್ಳೆಯ ಸೆನ್ಸರ್ ಅದನ್ನು ಕೇಳಿಸಿಕೊಳ್ಳುತ್ತದೆ. ಪಿಲ್ಲರು, ಬೀಮುಗಳು ಬಿರುಕು ಬಿಟ್ಟು ಬಿಗಿ ಕಡಿಮೆಯಾದರೆ, ತಂಬೂರಿಯ ತಂತಿ ಸಡಿಲಿದಾಗ ಶ್ರುತಿ ಇಳಿಯುವ ಹಾಗೆ, ಲಯ ನಿಧಾನವಾಗುತ್ತದೆ. ಬಿಗಿ ಶೇ 36ರಷ್ಟು ಕಳೆದುಹೋದರೆ ಆವರ್ತನ ಶೇ 20ರಷ್ಟು ಇಳಿಯುತ್ತದೆ.

ಇಲ್ಲಿಯವರೆಗೆ ಮಾರಾಟಗಾರನೂ ಹೇಳುತ್ತಾನೆ. ಅವನು ಹೇಳದ್ದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಹಿಂದೆ ಮಿಲಿಕನ್ ಗ್ರಂಥಾಲಯ ಎನ್ನುತ್ತಿದ್ದ ಕಟ್ಟಡದ ಕಥೆ. ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಆವರಣದ ಈ ಕಟ್ಟಡ 1960ರ ದಶಕದಲ್ಲಿ ಎದ್ದಾಗಿನಿಂದ ಅದರ ಲಯವನ್ನು ಅಳೆಯುತ್ತಾ ಬಂದಿದ್ದಾರೆ. ನಾಲ್ಕು ದಶಕಗಳಲ್ಲಿ ಹಲವು ಭೂಕಂಪಗಳನ್ನು ಕಂಡು ಪೂರ್ವ–ಪಶ್ಚಿಮ ದಿಕ್ಕಿನ ಆವರ್ತನ ಶೇ 20ಕ್ಕೂ ಹೆಚ್ಚು ಇಳಿಯಿತು. ಕಟ್ಟಡದ ಚೌಕಟ್ಟು ಮಾತ್ರ ಗಟ್ಟಿಯಾಗಿಯೇ ಇದೆ. ಜೊತೆಗೆ ಮಳೆ ಬಂದರೆ, ಬಿಸಿಲೇರಿದರೆ, ಗಾಳಿ ಬೀಸಿದರೆ ಶೇ ಒಂದೆರಡರಷ್ಟು ಅತ್ತಿತ್ತ ಆಗುತ್ತಿರುತ್ತದೆ. ಅಂದರೆ, ನಿಮ್ಮ ಕಟ್ಟಡದ ಒಂದು ವರ್ಷದ ಸಾಮಾನ್ಯ ಏರಿಳಿತ ಕೈಯಲ್ಲಿ ಇಲ್ಲದಿದ್ದರೆ, ಭೂಕಂಪದ ಮರುದಿನದ ಒಂದು ಸಂಖ್ಯೆ ಏನನ್ನೂ ಹೇಳುವುದಿಲ್ಲ. "ಆ್ಯಪ್‌ನಲ್ಲಿ ಹಸಿರು ದೀಪ ಬಂದರೆ ಒಳಗೆ ಹೋಗಿ" ಎನ್ನುವವರಿಂದ ದೂರವಿರಿ. ಆ ದೀಪ, ಯಾವ ಕಟ್ಟಡವನ್ನು ಮೊದಲು ನೋಡಬೇಕು, ಯಾವ ಅಂತಸ್ತಿನಿಂದ ಆರಂಭಿಸಬೇಕು ಎಂದು ಎಂಜಿನಿಯರಿಗೆ ತೋರಿಸುವ ಬೆರಳು ಅಷ್ಟೇ.

ಆ ಬೆರಳಿಗೆ ಬೆಲೆ ಇಲ್ಲವೆಂದಲ್ಲ. 2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನಲ್ಲಿ 7.7 ತೀವ್ರತೆಯ ಭೂಕಂಪವಾದಾಗ ಸಾವಿರ ಕಿಲೋಮೀಟರ್ ಆಚೆಯ ಬ್ಯಾಂಕಾಕ್‌ನ ಎತ್ತರದ ಕಟ್ಟಡಗಳು ತೂಗಾಡಿದವು. ಕಟ್ಟುತ್ತಿದ್ದ ಲೆಕ್ಕಪರಿಶೋಧನಾ ಕಚೇರಿಯ ಗೋಪುರ ಕುಸಿಯಿತು. ಮುಂದಿನ ದಿನಗಳಲ್ಲಿ ಜನ ಬಿರುಕಿನ ಚಿತ್ರಗಳನ್ನು ನಗರಾಡಳಿತಕ್ಕೆ ಸಾವಿರಾರು ಸಂಖ್ಯೆಯಲ್ಲಿ ಕಳಿಸಿದರು. ಯಾವುದು ಗಿಲಾವಿನ ಬಿರುಕು, ಯಾವುದು ಪಿಲ್ಲರಿನದು ಎಂದು ನೋಡಲು ಎಂಜಿನಿಯರುಗಳು ಮನೆಮನೆ ತಿರುಗಬೇಕಾಯಿತು. ದೂರದ ಭೂಕಂಪದ ನಿಧಾನದ ಅಲೆಗಳು ಎತ್ತರದ ಕಟ್ಟಡಗಳನ್ನೇ ಹುಡುಕಿಕೊಂಡು ಬರುತ್ತವೆ. 2011ರಲ್ಲಿ ಕೇಂದ್ರದಿಂದ 770 ಕಿ.ಮೀ. ದೂರದ ಒಸಾಕಾದಲ್ಲಿ 256 ಮೀಟರ್ ಎತ್ತರದ ಸಕಿಶಿಮಾ ಕಟ್ಟಡದ ನೆತ್ತಿ ಈ ತುದಿಯಿಂದ ಆ ತುದಿಗೆ ಸುಮಾರು 2.7 ಮೀಟರ್ ತೂಗಿತು. ಹಿಮಾಲಯದ ಕಡೆ ಮುಖ ಮಾಡಿರುವ ನೊಯ್ಡಾ, ಗುರುಗ್ರಾಮದ ಗೋಪುರಗಳವರು ಇದನ್ನು ಎರಡು ಸಲ ಓದಬೇಕು.

ಹಾಗಾದರೆ ಬೆಂಕಿಪೊಟ್ಟಣವೋ, ದುಬಾರಿ ಮಾಪಕವೋ? ಬೆಂಕಿಪೊಟ್ಟಣದೊಳಗಿರುವುದು ಫೋನಿನಲ್ಲಿರುವಂಥದೇ ಸಿಲಿಕಾನ್ ಚಿಪ್ಪಿನ ವೇಗೋತ್ಕರ್ಷ ಮಾಪಕ. ಜೋರಿನ ಅಲುಗಾಟವನ್ನು ಇದು ಚೆನ್ನಾಗಿಯೇ ಅಳೆಯುತ್ತದೆ. ಆದರೆ ಅದರದೇ ಒಳಗದ್ದಲ ಹೆಚ್ಚು. ಗಾಳಿಗೆ ಕಟ್ಟಡ ಗುನುಗುವ ಶ್ರುತಿ ಆ ಗದ್ದಲದಲ್ಲಿ ಮುಳುಗಿಹೋಗಬಹುದು. ಫೋರ್ಸ್ ಬ್ಯಾಲೆನ್ಸ್ ಎನ್ನುವ ದುಬಾರಿ ಜಾತಿಯದು ಗುನುಗನ್ನೂ ಕೇಳುತ್ತದೆ, ಗರ್ಜನೆಯನ್ನೂ ಕೇಳುತ್ತದೆ. ದರ ನೋಡಿ: ಬೆಂಕಿಪೊಟ್ಟಣ ಒಂದಕ್ಕೆ ಸಾವಿರಗಳಲ್ಲಿ, ದುಬಾರಿಯದು ರೆಕಾರ್ಡರ್ ಸಮೇತ ಒಂದಕ್ಕೇ ಲಕ್ಷಗಳಲ್ಲಿ. ಇವೆರಡರ ನಡುವೆ, ಒಳಗದ್ದಲ ಕಡಿಮೆ ಇರುವ ಉತ್ತಮ ದರ್ಜೆಯ ಚಿಪ್ಪುಗಳಿವೆ. ವಸತಿ ಗೋಪುರಗಳಿಗೆ ನಾನು ಸಾಮಾನ್ಯವಾಗಿ ಸೂಚಿಸುವುದು ಇವನ್ನೇ, ಆದರೆ ತಂತಿ ಎಳೆದು. ವೈರ್‌ಲೆಸ್ ಎಂದರೆ ಬ್ಯಾಟರಿ, ಬ್ಯಾಟರಿ ಎಂದರೆ ಮೂರನೆಯ ವರ್ಷದ ಮರೆವು. ಅದಕ್ಕಿಂತ ಮುಖ್ಯ, ಎಲ್ಲ ಸೆನ್ಸರ್‌ಗಳ ಗಡಿಯಾರ ಒಂದೇ ಇರಬೇಕು. ಮೇಲಿನದು ಕೆಳಗಿನದಕ್ಕಿಂತ ಹತ್ತನೇ ಒಂದು ಸೆಕೆಂಡು ಹಿಂದೆ ಓಡಿದರೆ ಇಡೀ ಲೆಕ್ಕ ಸುಳ್ಳು.

ಎಷ್ಟು ಸೆನ್ಸರ್ ಎಂಬುದಕ್ಕೆ ಅಮೆರಿಕದ 1997ರ ಕಟ್ಟಡ ಸಂಹಿತೆಯಲ್ಲಿ ಹಳೆಯ ಅಳತೆಯಿದೆ: ಭೂಕಂಪದ ವಲಯಗಳಲ್ಲಿ ಹತ್ತು ಅಂತಸ್ತು ಮೀರಿದ ಕಟ್ಟಡಕ್ಕೆ ಕನಿಷ್ಠ ಮೂರು, ತಳದಲ್ಲಿ, ಮಧ್ಯದಲ್ಲಿ, ನೆತ್ತಿಯಲ್ಲಿ. ನಾನು ನಾಲ್ಕನೆಯದೊಂದನ್ನು ತಾರಸಿಯ ಎದುರು ಮೂಲೆಗೆ ಸೇರಿಸುತ್ತೇನೆ; ಕಟ್ಟಡ ತಿರುಚಿಕೊಂಡರೆ ಅದು ಹೇಳುತ್ತದೆ. ಐದು ಅಂತಸ್ತಿಗೊಂದು ಅಂಟಿಸುವ ಉತ್ಸಾಹ ಆಮೇಲೆ ಬರಲಿ. ಅಂಟಿಸುವುದು ಎಂಬ ಮಾತೇ ತಪ್ಪು: ಪಿಲ್ಲರಿನ ಬುಡದ ಕಾಂಕ್ರೀಟಿಗೆ ಬೋಲ್ಟ್ ಹಾಕಿ ಬಿಗಿಯಬೇಕು. ಗೋಡೆಯ ಗಿಲಾವಿಗೆ ಅಂಟಿಸಿದ ಸೆನ್ಸರ್ ಗಿಲಾವಿನ ಭೂಕಂಪವನ್ನು ಅಳೆಯುತ್ತದೆ.

ಅಂತಸ್ತು ಅಂತಸ್ತಿನ ನಡುವಿನ ವಾಲಿಕೆಯನ್ನು ಮಿಲಿಮೀಟರಿನಲ್ಲಿ ತೋರಿಸುತ್ತೇವೆ ಎಂದು ಕೆಲವರು ಹೇಳುತ್ತಾರೆ. ನಮ್ಮ ಸಂಹಿತೆ ವಿನ್ಯಾಸದ ಬಲಕ್ಕೆ ಒಪ್ಪುವ ಮಿತಿ, ಅಂತಸ್ತಿನ ಎತ್ತರದ ಶೇ 0.4, ಮೂರು ಮೀಟರ್ ಅಂತಸ್ತಿಗೆ 12 ಮಿಲಿಮೀಟರ್. ವೇಗೋತ್ಕರ್ಷದ ದಾಖಲೆಯಿಂದ ಇದನ್ನು ಗಣಿಸಿ ತೆಗೆಯುವಾಗ ಸಣ್ಣ ದೋಷ ಬೆಳೆಯುತ್ತಾ ಹೋಗುತ್ತದೆ. ತೂಗಾಟದ ವೇಳೆಯ ವಾಲಿಕೆಯನ್ನು ಒಂದು ಮಟ್ಟಿಗೆ ನಂಬಬಹುದು. ಎಲ್ಲ ನಿಂತ ಮೇಲೆ ಕಟ್ಟಡ ಶಾಶ್ವತವಾಗಿ ಎಷ್ಟು ವಾಲಿದೆ ಎಂಬುದನ್ನು ಈ ಸೆನ್ಸರ್ ಹೇಳಲಾರದು. ಅದಕ್ಕೆ ವಾಲಿಕೆಮಾಪಕ ಬೇಕು, ಇಲ್ಲವೇ ಸರ್ವೆಯವರು.

ರಾಸ್ಪ್‌ಬೆರಿ ಶೇಕ್‌ನಂಥ ಹವ್ಯಾಸಿ ಯಂತ್ರಗಳನ್ನೂ ಕೇಳುತ್ತಾರೆ. ಶಾಲೆಗೆ, ಕಾಲೇಜಿಗೆ ಅದಕ್ಕಿಂತ ಒಳ್ಳೆಯದು ಕಾಣೆ. ಪುಟ್ಟ ಕಂಪ್ಯೂಟರಿಗೆ ಜಿಯೋಫೋನ್, ಅಂದರೆ ನೆಲದ ಸಣ್ಣ ಕಂಪನ ಹಿಡಿಯುವ ಸಾಧನ, ಜೋಡಿಸಿ ದೂರದೇಶದ ಭೂಕಂಪಗಳನ್ನು ಮಕ್ಕಳಿಗೆ ತೋರಿಸಬಹುದು. ಆದರೆ ಜೋರಿನ ಅಲುಗಾಟಕ್ಕೆ ಜಿಯೋಫೋನಿನ ದಾಖಲೆ ನೆತ್ತಿ ಕತ್ತರಿಸಿದಂತಾಗುತ್ತದೆ. ಕಟ್ಟಡದ ನಿಗಾಕ್ಕೆ ಅದನ್ನು ನೆಚ್ಚಬೇಡಿ.

ಯಾರಿಗೆ ಯಾವುದು

ಬೆಂಗಳೂರಿನವರು ಮೊದಲು, ಏಕೆಂದರೆ ಅವರ ಉತ್ತರ ಚಿಕ್ಕದು: ಎರಡೂ ಬೇಡ. ಭೂಕಂಪ ಸಂಹಿತೆಯ 2016ರ ನಕ್ಷೆಯಲ್ಲಿ ಬೆಂಗಳೂರು ಎರಡನೆಯ ವಲಯ, ಅಂದರೆ ಅತಿ ಕಡಿಮೆ ಅಪಾಯದ್ದು. ಸೈರನ್ನಿಗೆ ಕೆಲಸವೇ ಇರುವುದಿಲ್ಲ, ಕೆಲಸವಿಲ್ಲದ ಯಂತ್ರ ಬೇಕಾದಾಗ ಕೆಡುತ್ತದೆ. ಅದೇ ಹಣದಲ್ಲಿ ನೆಲ ಅಂತಸ್ತಿನ ಪಿಲ್ಲರುಗಳನ್ನು ಎಂಜಿನಿಯರಿಗೆ ತೋರಿಸಿ, ನಕ್ಷೆಗಳನ್ನು ಬಿಲ್ಡರಿನಿಂದ ಪಡೆದು ಬೀರುವಿನಲ್ಲಿಡಿ. ನಿಮಗೆ ನಿಜವಾಗಿ ಬೇಕಾಗುವ ನಿಗಾ ಬೇರೆಯೇ: ಪಕ್ಕದ ನಿವೇಶನದಲ್ಲಿ ಮೂರು ಹಂತದ ನೆಲಮಾಳಿಗೆ ಅಗೆಯುವಾಗ ಒಂದೆರಡು ವಾಲಿಕೆಮಾಪಕ, ಬಿರುಕಿನ ಮೇಲೆ ದಿನಾಂಕ ಬರೆದ ಗಾಜಿನ ಪಟ್ಟಿ. ಗಾರೆ ಹಚ್ಚಿ ಕೂರಿಸಿದ ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆ ಎಂದರ್ಥ. ನೂರು ರೂಪಾಯಿಯ ಈ ಹಳೆಯ ಉಪಾಯ ಇಂದಿಗೂ ಸುಳ್ಳು ಹೇಳುವುದಿಲ್ಲ.

ಕಲಬುರಗಿ, ಬೀದರ್, ವಿಜಯಪುರದ ಕಡೆಯವರಿಗೆ ಇಷ್ಟು ಸಲೀಸಾಗಿ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ಜಾಗ ಕಲಬುರಗಿಯಿಂದ ಸುಮಾರು 90 ಕಿ.ಮೀ.; ಆಗಿನ ನಕ್ಷೆಯಲ್ಲಿ ಅದು ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಆದರೂ ಅಲ್ಲಿ ಜನ ಸತ್ತದ್ದು ಸೆನ್ಸರ್ ಇಲ್ಲದ್ದರಿಂದಲ್ಲ, ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದದ್ದರಿಂದ. ಫೋನಿನ ಎಚ್ಚರಿಕೆ ಚಾಲೂ ಇರಲಿ, ಹಣ ಗೋಡೆಗೆ ಹೋಗಲಿ.

ಡೆಹ್ರಾಡೂನಿನ ಆಸ್ಪತ್ರೆಗೆ ಎರಡೂ ಬೇಕು, ಅದರಲ್ಲಿ ನಿಗಾ ಮೊದಲು. ಬೆಟ್ಟದ ಬುಡದಲ್ಲಿರುವುದರಿಂದ ಮುನ್ನೆಚ್ಚರಿಕೆಯ ಸೆಕೆಂಡುಗಳು ಕಡಿಮೆ. ಆದರೆ ಭೂಕಂಪದ ಮರುಗಂಟೆಯಲ್ಲಿ ಗಾಯಾಳುಗಳು ಬರುತ್ತಿರುವಾಗ ಒಳಗಿನ ರೋಗಿಗಳನ್ನು ಅಂಗಳಕ್ಕೆ ಹೊರಬೇಕೇ ಬೇಡವೇ ಎಂಬ ತೀರ್ಮಾನಕ್ಕೆ ಜೀವಗಳು ಅಂಟಿಕೊಂಡಿವೆ. ಇಲ್ಲಿ ದುಬಾರಿ ಮಾಪಕಕ್ಕೆ ಅರ್ಥವಿದೆ. ಜೊತೆಗೆ, ಇಂಥ ದಿನ ಇಷ್ಟು ಗಂಟೆಯೊಳಗೆ ಬಂದು ನೋಡುತ್ತೇನೆ ಎಂದು ಒಬ್ಬ ಎಂಜಿನಿಯರೊಂದಿಗೆ ಈಗಲೇ ಲಿಖಿತ ಒಪ್ಪಂದ ಇರಬೇಕು. ಸ್ಯಾನ್ ಫ್ರಾನ್ಸಿಸ್ಕೋ ನಗರ ಕಟ್ಟಡ ಮಾಲೀಕರಿಗೆ ಇಂಥದ್ದೇ ಮುಂಗಡ ಒಪ್ಪಂದದ ಯೋಜನೆಯನ್ನು ಬಹಳ ಕಾಲದಿಂದ ನಡೆಸುತ್ತಿದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರಿಗೆ ಆ ವಾರ ಯಾವ ಎಂಜಿನಿಯರೂ ಸಿಗುವುದಿಲ್ಲ.

ಶಾಲೆಗೆ ಸೈರನ್ನಿನಲ್ಲಿ ಅರ್ಥವಿದೆ, ತಿಂಗಳಿಗೊಮ್ಮೆ ಮೇಜಿನ ಕೆಳಗೆ ಕೂರುವ ಅಭ್ಯಾಸ ನಡೆಯುವುದಾದರೆ ಮಾತ್ರ. ಅನಿಲ, ರಾಸಾಯನಿಕ ಇರುವ ಕಾರ್ಖಾನೆಗೆ ಕವಾಟವೂ ಎರಡು ಸೆನ್ಸರಿನ ಪೆಟ್ಟಿಗೆಯೂ ಸಾಕು.

ನೊಯ್ಡಾದ ಗೆಳೆಯನಿಗೆ ಹೇಳಿದ್ದು ಇದು. ಎಚ್ಚರಿಕೆಗೆ ಬಿಟ್ಟಿಯ ಫೋನು. ನಂತರ ಲಿಫ್ಟ್ ಕಂಪನಿಗೆ ಒಂದು ಪತ್ರ: ನಿಮ್ಮ ನಿಯಂತ್ರಣ ಫಲಕ ಹೊರಗಿನ ಭೂಕಂಪದ ಸಂಕೇತವನ್ನು ಸ್ವೀಕರಿಸುತ್ತದೆಯೇ, ಜೋಡಿಸಿದರೆ ವಾರಂಟಿ ಉಳಿಯುತ್ತದೆಯೇ? ಹೌದು ಎಂದರೆ ಎರಡು ಸೆನ್ಸರಿನ ಪೆಟ್ಟಿಗೆ ಕೊಳ್ಳಲಿ, ಹಿಮಾಲಯದ ದೂರ ಅವನ ಕಡೆಗಿದೆ. ಇಲ್ಲ ಎಂದರೆ ಆ ಕೊಟೇಶನ್ ಅಲ್ಲಿಗೆ ಮುಗಿಯಿತು. ನಿಗಾಕ್ಕೆ ಗೋಪುರಕ್ಕೆ ನಾಲ್ಕರಂತೆ ಮಧ್ಯಮ ದರ್ಜೆಯ ಸೆನ್ಸರ್, ತಂತಿ ಎಳೆದು, ಮೊದಲ ವರ್ಷದ ದಾಖಲೆಯೊಂದಿಗೆ. ದುಬಾರಿ ವ್ಯವಸ್ಥೆಗೆ ಹಾಕುವ ಹಣದಲ್ಲಿ ಗೋಪುರದ ಕೆಲವು ಪಿಲ್ಲರುಗಳನ್ನೇ ಬಲಪಡಿಸಬಹುದು.

ಒಪ್ಪಂದದಲ್ಲಿ ಮೂರು ಮಾತು ಇರಲೇಬೇಕು ಎಂದೂ ಹೇಳಿದೆ. ಕಚ್ಚಾ ದಾಖಲೆ ಸಂಘದ್ದು, ಮಿನಿಸೀಡ್‌ನಂಥ ಎಲ್ಲರೂ ಓದಬಲ್ಲ ರೂಪದಲ್ಲಿ, ಕಟ್ಟಡದಲ್ಲೇ ಉಳಿಯಬೇಕು. ಚಂದಾ ನಿಂತ ದಿನ ಸರ್ವರಿನಲ್ಲಿ ಬೀಗ ಬಿದ್ದ ದಾಖಲೆಯನ್ನು ನಾನು ಒಮ್ಮೆ ಕಂಡಿದ್ದೇನೆ. ಕರೆಂಟಿಲ್ಲದೆ ಕನಿಷ್ಠ ಒಂದು ದಿನ ಯಂತ್ರ ಬದುಕಬೇಕು. ಮತ್ತು ಹಣ ಕೊಡುವ ಮುನ್ನ, ನಿಜವಾದ ಭೂಕಂಪವೊಂದರ ದಾಖಲೆಯನ್ನು ಪೆಟ್ಟಿಗೆಗೆ ಉಣಿಸಿ, ನಮ್ಮ ಕಣ್ಣೆದುರು ಲಿಫ್ಟ್ ನಿಲ್ಲಿಸಿ ಬಾಗಿಲು ತೆರೆಯಿಸಿ ತೋರಿಸಬೇಕು. ಈ ಮೂರನೆಯ ಷರತ್ತನ್ನು ಗೆಳೆಯ ಪೆಟ್ಟಿಗೆ ಮಾರುವವರಿಗೆ ಮಿಂಚಂಚೆಯಲ್ಲಿ ಕಳಿಸಿದ. ಮರುದಿನ ಬಂದ ಉತ್ತರದಲ್ಲಿ ಶೇ 15ರ ರಿಯಾಯಿತಿ ಇತ್ತು, ತೋರಿಸುವ ದಿನಾಂಕ ಇರಲಿಲ್ಲ. ಅವನು ಇನ್ನೊಬ್ಬರ ಕೊಟೇಶನ್ ತರಿಸಿಕೊಂಡಿದ್ದಾನೆ.